ಬೆಕ್ಕುಗಳು ಕೊಟ್ಟ ಸುಳಿವು

2024ರ ಆರಂಭದಲ್ಲಿ ಅಮೆರಿಕದ ಉತ್ತರ ಟೆಕ್ಸಾಸಿನ ಡೇರಿಗಳಲ್ಲಿ ಹಸುಗಳು ಮೇವು ಬಿಟ್ಟವು. ಹಾಲು ಇಳಿಯಿತು, ಕರೆದದ್ದೂ ಗಿಣ್ಣುಹಾಲಿನಂತೆ ದಪ್ಪ, ಹಳದಿ. ಪಶುವೈದ್ಯರು ತಮಗೆ ಗೊತ್ತಿದ್ದ ಕಾಯಿಲೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದರು. ಯಾವುದೂ ಅಲ್ಲ.

ಬಾರ್ಬ್ ಪೀಟರ್‌ಸನ್ ಎಂಬ ಪಶುವೈದ್ಯೆ ಹಸುಗಳನ್ನಷ್ಟೇ ನೋಡಲಿಲ್ಲ. ಡೇರಿಯ ಸುತ್ತ ಹಕ್ಕಿಗಳು ಸಾಯುತ್ತಿದ್ದವು, ಬೆಕ್ಕುಗಳೂ ಸಾಯುತ್ತಿದ್ದವು, ಕೆಲಸದವರೂ ಕಾಯಿಲೆ ಬೀಳುತ್ತಿದ್ದರು. ಇದನ್ನೆಲ್ಲ ಅವರು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಡ್ರೂ ಮ್ಯಾಗ್‌ಸ್ಟಾಟ್ ಅವರಿಗೆ ಹೇಳಿದರು. ಒಂದು ಡೇರಿಯಲ್ಲಿ ಕಾಯಿಲೆ ಹಸುಗಳ ಹಸಿ ಹಾಲು ಕುಡಿದಿದ್ದ ಸುಮಾರು 24 ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಸಾಯುವ ಮೊದಲು ಅವು ಕಣ್ಣು ಕಾಣದೆ, ಮೈ ಸೆಟೆದು, ನಿಂತಲ್ಲೇ ಸುತ್ತು ಹಾಕುತ್ತಿದ್ದವು. ಯಾರಿಗಾದರೂ ರೇಬೀಸ್ ನೆನಪಾಗುವ ಲಕ್ಷಣ. ಅದೂ ಅಲ್ಲ. ಬೆಕ್ಕುಗಳ ಮಿದುಳಿನಲ್ಲಿ, ಶ್ವಾಸಕೋಶದಲ್ಲಿ, ಹಸುಗಳ ಹಾಲಿನಲ್ಲಿ ಸಿಕ್ಕಿದ್ದು ಹಕ್ಕಿಜ್ವರದ ಎಚ್5ಎನ್1 ವೈರಸ್. ಮಾರ್ಚ್ 25ರಂದು ಸರ್ಕಾರ ಅದನ್ನು ಪ್ರಕಟಿಸಿತು. ಆ ಬೆಕ್ಕುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಹಸುವಿನ ಕಾಯಿಲೆಗೆ ಹೆಸರು ಸಿಗಲು ಇನ್ನೆಷ್ಟು ಕಾಲ ಬೇಕಿತ್ತೋ.

ಬೆಕ್ಕಿಗೆ ಈ ವೈರಸ್ ತಗಲುತ್ತದೆಂದು 20 ವರ್ಷ ಮೊದಲೇ ಗೊತ್ತಿತ್ತು. 2004ರಲ್ಲಿ ಥಾಯ್ಲೆಂಡಿನಲ್ಲಿ ಹಸಿ ಕೋಳಿ ತಿಂದ ಹುಲಿಗಳೂ ಮನೆಬೆಕ್ಕುಗಳೂ ಸತ್ತವು. ಅದೇ ವರ್ಷ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಥೈಸ್ ಕೌಕನ್ ಅವರ ತಂಡ ಸೋಂಕಿದ ಕೋಳಿಮರಿ ತಿನ್ನಿಸಿದಾಗ ಬೆಕ್ಕುಗಳಿಗೆ ರೋಗ ಬಂತು. ಜೊತೆಗಿದ್ದ ಬೆಕ್ಕುಗಳಿಗೂ ಹರಡಿತು. ಬೆಕ್ಕಿಗೆ ಫ್ಲೂ ಬಾಧಿಸುವುದಿಲ್ಲ ಎಂಬ ಹಳೆಯ ನಂಬಿಕೆ ಅಲ್ಲಿಗೆ ಮುರಿಯಿತು.

ನಮ್ಮ ದೇಶದ ಬೆಕ್ಕುಗಳಲ್ಲಿ ಈ ರೋಗ ಕಂಡದ್ದು ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ, 2025ರ ಜನವರಿಯಲ್ಲಿ. ಮನೆಬೆಕ್ಕುಗಳು ಜ್ವರ ಬಂದು, ಅನ್ನ ಬಿಟ್ಟು, ಮಂಕಾಗಿ ಸತ್ತವು. ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ ಎಚ್5ಎನ್1 ಎಂದು ದೃಢಪಡಿಸಿತು. ಅಲ್ಲಿನ ಕೋಳಿ ಮಾರುಕಟ್ಟೆಯಲ್ಲೂ ವೈರಸ್ ಸಿಕ್ಕಿತು. ಅದಕ್ಕೆ ಸ್ವಲ್ಪ ಮೊದಲು ನಾಗಪುರದ ಗೋರೆವಾಡಾ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಹುಲಿ, ಚಿರತೆಗಳು ಇದೇ ರೋಗದಿಂದ ಸತ್ತಿದ್ದವು. ಕರ್ನಾಟಕದಲ್ಲಿ ಆ ವರ್ಷ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರಿನ ಕುರೆಕುಪ್ಪಗಳಲ್ಲಿ ಕೋಳಿಗಳಿಗೆ ಬಂತು.

ಉಡುಪಿಯವರಿಗೆ ಇದನ್ನು ಹೇಳಲು ಕಾರಣವಿದೆ. ಕಾಪುವಿನಿಂದ ಕಾರ್ಕಳದವರೆಗೆ ಹಿತ್ತಿಲಲ್ಲಿ ಕೋಳಿ, ಜಗುಲಿಯಲ್ಲಿ ಬೆಕ್ಕು, ಅಂಗಳದಲ್ಲಿ ನಾಯಿ ಇರುವ ಮನೆಗಳು ಎಷ್ಟಿಲ್ಲ! ಕೋಳಿ ಅಂಗಡಿಯ ಕರುಳು, ತಲೆ, ಕಾಲು ಹಸಿಯಾಗಿಯೇ ಅವುಗಳ ಬಾಯಿಗೆ ಹೋಗುತ್ತವೆ. ಚೆನ್ನಾಗಿ ಬೇಯಿಸಿದರೆ ವೈರಸ್ ಸಾಯುತ್ತದೆ, ಹಸಿಯಲ್ಲಿ ಉಳಿಯುತ್ತದೆ. ನಾಯಿಗೆ ಅಪಾಯ ಬೆಕ್ಕಿನಷ್ಟಿಲ್ಲ, ಆದರೆ ಇಲ್ಲದಿಲ್ಲ.

ಸುಳಿವು ಹಿಡಿಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 2018ರ ಮೇನಲ್ಲಿ ಕೇರಳದ ಕೋಯಿಕ್ಕೋಡಿನ ಒಂದೇ ಮನೆಯಲ್ಲಿ ಸಾವಿನ ಮೇಲೆ ಸಾವಾದಾಗ ವೈದ್ಯರು ಅನುಮಾನಪಟ್ಟು ಕಳಿಸಿದ ಮಾದರಿಯಲ್ಲಿ ನಿಪಾ ಗುರುತಿಸಿದ್ದು ಮಣಿಪಾಲದ ವೈರಸ್ ಪ್ರಯೋಗಾಲಯ. ಬೆಕ್ಕಿನ ವಿಷಯದಲ್ಲಿ ಅನುಮಾನಪಡಬೇಕಾದವರು ಮನೆಯವರು. ಸತ್ತ ಬೆಕ್ಕನ್ನು ತೆಂಗಿನ ಬುಡದಲ್ಲಿ ಹೂಳುವ ಮೊದಲು, ಬರಿಗೈಯಲ್ಲಿ ಮುಟ್ಟದೆ, ಪಶು ಆಸ್ಪತ್ರೆಗೆ ಒಂದು ಫೋನ್ ಮಾಡಬೇಕು. ಪಶುವೈದ್ಯರೂ ಕಾಯಿಲೆ ಬೆಕ್ಕನ್ನು ಮೇಜಿನ ಮೇಲಿಟ್ಟ ಕೂಡಲೇ ಕೇಳಬೇಕು: ಹಸಿ ಕೋಳಿ ತಿಂದಿತ್ತಾ? ಅಕ್ಕಪಕ್ಕದಲ್ಲಿ ಕೋಳಿಯೋ ಕಾಗೆಯೋ ಸತ್ತಿವೆಯಾ?