ಹೊನ್ನಿಲ್ಲದ ಹೊನ್ನಕ್ಷರಗಳು

ಮದುವೆಯ ಕರೆಯೋಲೆ, ಚಲನಚಿತ್ರದ ಭಿತ್ತಿಪತ್ರ, ಒಡವೆಯಂಗಡಿಯ ಜಾಹೀರಾತು—ಎಲ್ಲಿ ನೋಡಿದರೂ ಇಂದು ಬಂಗಾರದ ಅಕ್ಷರಗಳು ಥಳಥಳಿಸುತ್ತವೆ. ಅಕ್ಕಸಾಲಿಗನ ಕೈಯಿಂದ ಆಗತಾನೆ ಹೊರಬಂದಂತೆ ತೋರುವ ಈ ಅಕ್ಷರಗಳಲ್ಲಿ ಗುಲಗಂಜಿ ತೂಕದ ಚಿನ್ನವೂ ಇಲ್ಲ! ಗಣಕಯಂತ್ರದ ಮುಂದೆ ಕುಳಿತ ಕಲಾವಿದರು ಕೇವಲ ನೆರಳು ಬೆಳಕುಗಳನ್ನು ಜೋಡಿಸಿ ಇವನ್ನು ಸೃಷ್ಟಿಸುತ್ತಾರೆ.

ಒಂದು ಕಾಲದಲ್ಲಿ ಇಂತಹ ಅಕ್ಷರಗಳನ್ನು ಬಣ್ಣದ ತುಂತುರನ್ನು ಊದುವ ಏರ್‌ಬ್ರಷ್ ಹಿಡಿದು ಕೈಯಿಂದಲೇ ಬರೆಯಬೇಕಾಗಿತ್ತು. ಅಮೆರಿಕದ ಥಾಮಸ್ ನಾಲ್ ಮತ್ತು ಜಾನ್ ನಾಲ್ ಸೋದರರು ರೂಪಿಸಿದ ಫೋಟೋಶಾಪ್ ತಂತ್ರಾಂಶವನ್ನು ಅಡೋಬಿ ಸಂಸ್ಥೆಯು 1990ರಲ್ಲಿ ಹೊರತಂದಿತು. 1994ರಲ್ಲಿ ಅದಕ್ಕೆ ‘ಲೇಯರ್’ ಎಂಬ ಪದರಗಳು ಸೇರಿದವು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಅಕ್ಷರ, ಹೊಳಪು, ನೆರಳುಗಳನ್ನು ಬೇರೆ ಬೇರೆಯಾಗಿಯೇ ತಿದ್ದುವ ಅನುಕೂಲ ಇದರಿಂದ ದೊರೆಯಿತು.

ಲೋಹವೆಂದರೆ ಕನ್ನಡಿ

ಹಳದಿ ಬಣ್ಣವನ್ನು ಬಳಿದ ಮಾತ್ರಕ್ಕೆ ಅಕ್ಷರವು ಚಿನ್ನವಾಗುವುದಿಲ್ಲ. ಅರಿಸಿನ ಮೆತ್ತಿದಂತೆ ಕಾಣುತ್ತದೆ, ಅಷ್ಟೆ. ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗಿದ ಹಿತ್ತಾಳೆಯ ಚೊಂಬನ್ನು ಒಮ್ಮೆ ಗಮನಿಸಿರಿ. ಕಿಟಕಿಯ ಬೆಳಕು ಅದರ ಮೇಲೊಂದು ಬಿಳಿಯ ಪಟ್ಟೆಯಾಗಿ ಮಿಂಚುತ್ತದೆ. ಅದರ ಮಗ್ಗುಲಲ್ಲೇ ಕೋಣೆಯ ಕತ್ತಲೆಯು ಕಂದು ಗೆರೆಯಾಗಿ ನಿಂತಿರುತ್ತದೆ. ಹೊಳಪುಳ್ಳ ಲೋಹವು ಸುತ್ತಣ ಜಗತ್ತನ್ನು ಪ್ರತಿಬಿಂಬಿಸುವ ಕನ್ನಡಿಯಲ್ಲದೆ ಬೇರೆಯಲ್ಲ.

ಆದುದರಿಂದ ಕಲಾವಿದರು ‘ಗ್ರೇಡಿಯೆಂಟ್’ ಎಂಬ ಸಾಧನದಿಂದ ಕಡುಗಂದು, ಹೊಂಬಣ್ಣ, ತಿಳಿಹಳದಿ, ಮತ್ತೆ ಕಡುಗಂದು ಎಂಬ ಕ್ರಮದಲ್ಲಿ ಪಟ್ಟೆಗಳನ್ನು ಹರಿಸುತ್ತಾರೆ. ಚಿನ್ನವು ನೀಲಿಯ ಬೆಳಕನ್ನು ಹೀರಿಕೊಳ್ಳುವುದರಿಂದ ಅದರ ಮಿಂಚಿನಲ್ಲಿಯೂ ಹಳದಿಯ ಛಾಯೆ ಇರಲೇಬೇಕು. ಬೆಳ್ಳಿಗಾದರೆ ಬಿಳುಪು ಬೂದುಗಳೇ ಸಾಕು. ಕ್ರೋಮಿಯಂ ಲೇಪದ ಭಾಸಕ್ಕೆ ಮೇಲ್ಗಡೆ ಆಕಾಶದ ನೀಲಿ, ಕೆಳಗಡೆ ನೆಲದ ಕಂದು, ನಡುವೆ ದಿಗಂತದಂತೊಂದು ಸ್ಪಷ್ಟವಾದ ಗೆರೆ ಬೇಕು.

ಮುಂದಿನದು ಉಬ್ಬು. ‘ಬೆವೆಲ್ ಅಂಡ್ ಎಂಬಾಸ್’ ಎಂಬ ವಿಧಾನವು ಅಕ್ಷರದ ಮೇಲಂಚನ್ನು ಬೆಳಗಿಸಿ ಕೆಳಅಂಚನ್ನು ಕಪ್ಪಾಗಿಸುತ್ತದೆ. ಬೆಳಕು ಮೇಲಿನಿಂದಲೇ ಬರುವುದೆಂದು ನಮ್ಮ ಮಿದುಳು ನಂಬಿರುವುದರಿಂದ ಅಕ್ಷರವು ಎದ್ದು ಬಂದಂತೆ ತೋರುತ್ತದೆ. ಅದೇ ಚಿತ್ರವನ್ನು ತಲೆಕೆಳಗಾಗಿ ಹಿಡಿದರೆ, ಉಬ್ಬಿದ್ದ ಅಕ್ಷರವು ಕೊರೆದಂತೆ ಕಾಣುವುದುಂಟು!

ನಮ್ಮ ಕನ್ನಡ ಲಿಪಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಅಗತ್ಯ. ಉಬ್ಬು ಅತಿಯಾದರೆ ಪುಟ್ಟ ಒತ್ತಕ್ಷರಗಳ ಸುಳಿಗಳು ಮುಚ್ಚಿಹೋಗಿ ಓದಲು ಬಾರದಂತಾಗುತ್ತವೆ. ದಪ್ಪನೆಯ ಅಕ್ಷರವಿನ್ಯಾಸ, ಹಿತಮಿತವಾದ ಉಬ್ಬು—ಇವೆರಡೂ ಕೂಡಿದರೆ ಅಂದವೂ ಉಂಟು, ಅರ್ಥವೂ ಉಂಟು.

ಕಾಗದಕ್ಕೆ ಇಳಿದಾಗ

ಪರದೆಯ ಮೇಲೆ ಕಣ್ಣು ಕೋರೈಸಿದ ಚಿನ್ನವು ಅಚ್ಚಾಗಿ ಬಂದಾಗ ಕೆಮ್ಮಣ್ಣಿನಂತೆ ಮಂಕಾಗಿರುವುದನ್ನು ಕಂಡು ಖಿನ್ನರಾಗುವ ಮನೆಮಂದಿ ಉಂಟು. ಪರದೆಯು ತಾನೇ ಬೆಳಕನ್ನು ಸೂಸುತ್ತದೆ. ಕಾಗದವಾದರೋ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸಬಲ್ಲುದು. ಸಾಧಾರಣ ಮುದ್ರಣದ ನಾಲ್ಕು ಶಾಯಿಗಳಲ್ಲಿ ಯಾವುದಕ್ಕೂ ಲೋಹದ ಕಾಂತಿಯಿಲ್ಲ.

ಕರೆಯೋಲೆಯು ನಿಜವಾಗಿಯೂ ಹೊಳೆಯಬೇಕಾದರೆ, ‘ಫಾಯಿಲ್’ ಎಂಬ ತೆಳುಹಾಳೆಯನ್ನು ಬಿಸಿ ಅಚ್ಚಿನಿಂದ ಒತ್ತಿಸಬೇಕು. ಅದಕ್ಕೆ ಮುದ್ರಕರಿಗೆ ಒದಗಿಸಬೇಕಾದುದು ಉಬ್ಬು ಮಿಂಚುಗಳಿಲ್ಲದ ಅಪ್ಪಟ ಕಪ್ಪು ಅಕ್ಷರ. ಪೂರ್ಣ ಸಂಖ್ಯೆಯಲ್ಲಿ ಅಚ್ಚು ಹಾಕಿಸುವ ಮುನ್ನ ಒಂದು ಮಾದರಿ ಪ್ರತಿಯನ್ನು ತರಿಸಿ ನೋಡುವುದು ಜಾಣತನ.

ಅಂದಹಾಗೆ, ಆ ತೆಳುಹಾಳೆಯಲ್ಲಾದರೂ ಚಿನ್ನವಿದೆಯೆಂದು ತಿಳಿಯಬೇಡಿರಿ. ಸಾಮಾನ್ಯವಾಗಿ ಅದು ಹಳದಿ ಮೆರುಗೆಣ್ಣೆಯ ಹೊದಿಕೆಯುಳ್ಳ ಅಲ್ಯುಮಿನಿಯಂ!