ಕೆಸರು ಹಿಂಡೋ ಲೆಕ್ಕ

ಊರಿನ ಕೊಳಚೆ ನೀರು ಶುದ್ಧವಾದ ಮೇಲೆ ತಳದಲ್ಲಿ ಉಳಿಯುತ್ತಲ್ಲ ಕೆಸರು, ಅದು ಎಲ್ಲಿಗೆ ಹೋಗುತ್ತೆ?

ಎಲ್ಲಿಗೇ ಸಾಗಿಸಿದ್ರೂ ಮೊದಲು ನೀರು ತೆಗೀಬೇಕು. ಯಾಕೆ ಅಂತ ಲೆಕ್ಕ ನೋಡಿ. 100 ಕಿಲೋ ಕೆಸರಲ್ಲಿ ಗಟ್ಟಿ ಅಂಶ 2 ಕಿಲೋ ಅಂದ್ಕೊಳ್ಳಿ. ಉಳಿದ 98 ಬರೀ ನೀರು. ಹಾಗೇ ಟ್ರ್ಯಾಕ್ಟರಿಗೆ ತುಂಬಿದ್ರೆ ನೀರು ಹೊರೋಕೇ ಡೀಸೆಲ್ ಸುಡಬೇಕು. ಗಟ್ಟಿ ಅಂಶ ಶೇ 20ಕ್ಕೆ ಏರಿದ್ರೆ, ಅದೇ ಕೆಸರು 10 ಕಿಲೋಗೆ ಇಳಿಯುತ್ತೆ!

ಹಳೇ ದಾರಿ, ಒಣಗಿಸೋ ಹಾಸು. ಕೆಳಗೆ ಜಲ್ಲಿ, ಮೇಲೆ ಮರಳು, ಮಿಕ್ಕಿದ್ದು ಬಿಸಿಲಿನ ಕೆಲಸ. 2015ರಲ್ಲಿ ಶುರುವಾದ ದೇವನಹಳ್ಳಿಯ ಮಲಕೆಸರು ಘಟಕವೂ ಇದನ್ನೇ ನೆಚ್ಚಿಕೊಂಡಿದ್ದು. ಹಿರಿಯೂರಿನಂಥ ಬಯಲುಸೀಮೆ ಊರಿಗೂ ಒಗ್ಗುತ್ತೆ. ಬಿಸಿಲಿಗೆ ಬಿಲ್ ಬರಲ್ಲ. ಆದ್ರೆ ಜಾಗ ಜಾಸ್ತಿ ಬೇಕು, ಹಿಂಗಾರು ಹಿಡಿದ್ರೆ ಒಣಗೋದು ನಿಂತೇ ಹೋಗುತ್ತೆ.

ಅದಕ್ಕೇ ಯಂತ್ರ. ಮೊದಲು ಪಾಲಿಮರ್ ಬೆರೆಸ್ತಾರೆ, ಸಣ್ಣ ಕಣಗಳು ಗಂಟುಗಟ್ಟುತ್ತವೆ. ಸೆಂಟ್ರಿಫ್ಯೂಜ್ ಅದನ್ನ ವಾಷಿಂಗ್ ಮಷಿನ್ ಥರ ಗಿರಗಿರ ತಿರುಗಿಸಿ ನೀರು ಬೇರೆ ಮಾಡುತ್ತೆ. ಕರೆಂಟೂ ಜಾಸ್ತಿ, ಸದ್ದೂ ಜಾಸ್ತಿ. ಸ್ಕ್ರೂ ಪ್ರೆಸ್ ನಿಧಾನವಾಗಿ ಹಿಂಡುತ್ತೆ, ಕರೆಂಟ್ ಕಡಿಮೆ ಸಾಕು. ಸಣ್ಣ ಊರಿಗೆ ನನ್ನ ಓಟು ಇದಕ್ಕೇ. ಹಿಂಡಿದ ನೀರನ್ನ ಚರಂಡಿಗೆ ಬಿಡೋ ಹಾಗಿಲ್ಲ, ಮತ್ತೆ ಘಟಕದೊಳಕ್ಕೇ ಕಳಿಸ್ಬೇಕು.

ಯಂತ್ರ ಬಂತು ಅಂತ ಹಳೇ ಹಾಸು ಒಡೀಬೇಡಿ. ಪಾಲಿಮರ್ ಖಾಲಿಯಾದ ದಿನ, ಕರೆಂಟ್ ಹೋದ ದಿನ ಕೆಸರು ಸುರಿಯೋಕೆ ಇರೋದು ಅದೊಂದೇ.