ಗಿಡಹೇನು: ಔಷಧಿ ಹೊಡೆಯುವ ಮುನ್ನ ಎಲೆ ತಿರುಗಿಸಿ ನೋಡೋಣ

ಅಶೋಕನ ಶಾಸನವಿರುವ ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಲಿನ ಮೊಳಕಾಲ್ಮೂರು, ಚಳ್ಳಕೆರೆ ತಾಲೂಕುಗಳಲ್ಲಿ ಶೇಂಗಾ ಮುಖ್ಯ ಬೆಳೆ. ನೀರಿರುವ ಕಡೆ ದಾಳಿಂಬೆಯೂ ಇದೆ. ಮಳೆ ಕೈಕೊಟ್ಟು ಒಣಹವೆ ಮುಂದುವರಿದರೆ ಅಲ್ಲಿನ ಶೇಂಗಾ ಕುಡಿಗೆ ಕಪ್ಪು ಹೇನು ಮುತ್ತುತ್ತದೆ. ಅದೇ ಹೇನು ನಮ್ಮ ಕರಾವಳಿಯಲ್ಲಿ ಅಲಸಂಡೆ ಬಳ್ಳಿಗೂ ಬೇಲಿಯ ಗ್ಲಿರಿಸಿಡಿಯಾ ಗಿಡಕ್ಕೂ ಬರುತ್ತದೆ. ದಾಳಿಂಬೆ, ಲಿಂಬೆ, ಕರಿಬೇವು, ದಾಸವಾಳಗಳನ್ನೂ ಬೇರೆ ಬೇರೆ ಜಾತಿಯ ಹೇನುಗಳು ಕಾಡುತ್ತವೆ. ಮನೆಯಂಗಳವಿರಲಿ, ಇಗರ್ಜಿಯ ಹಿತ್ತಲಿರಲಿ, ಇವುಗಳನ್ನು ಗುರುತಿಸಿ ಹತೋಟಿಗೆ ತರುವುದು ಹೇಗೆಂದು ತಿಳಿಯೋಣ.

ಗುರುತಿಸುವುದು ಹೇಗೆ?

ಎಳೆಯ ಕುಡಿ, ಮೊಗ್ಗು ಮತ್ತು ಎಲೆಯ ಅಡಿಭಾಗ ನೋಡಬೇಕು. ಒಂದರಿಂದ ಮೂರು ಮಿ.ಮೀ. ಉದ್ದದ, ಮೆತ್ತಗಿನ ಹಸಿರು, ಹಳದಿ ಅಥವಾ ಕಪ್ಪು ಕೀಟಗಳು ಗುಂಪಾಗಿ ಅಂಟಿಕೊಂಡಿರುತ್ತವೆ. ಹಿಂಬದಿಯಲ್ಲಿ ಎರಡು ಸಣ್ಣ ಕೊಳವೆಗಳಿರುತ್ತವೆ. ಹತ್ತಿಯಂತೆ ಬಿಳಿ ಮೇಣ ಮೆತ್ತಿಕೊಂಡಿದ್ದರೆ ಅದು ಹೆಚ್ಚಾಗಿ ಹಿಟ್ಟುತಿಗಣೆ. ಹೇನುಗಳು ರಸ ಹೀರುವುದರಿಂದ ಎಲೆ ಮುದುಡುತ್ತದೆ. ಅವು ಹೊರಹಾಕುವ ಸಿಹಿ ಅಂಟಿಗೆ ಇರುವೆಗಳು ಬರುತ್ತವೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಹೆಣ್ಣುಹೇನು ಗಂಡಿನ ಸಂಪರ್ಕವಿಲ್ಲದೆಯೇ ನೇರವಾಗಿ ಮರಿ ಹಾಕುತ್ತದೆ. ಆದ್ದರಿಂದ ಕೆಲವೇ ದಿನಗಳಲ್ಲಿ ಕುಡಿಯೆಲ್ಲ ತುಂಬಿಬಿಡುತ್ತದೆ.

ಮಾಡಬೇಕಾದುದೇನು?

ಮೊದಲು ಜೋರಾಗಿ ನೀರು ಹಾಯಿಸಿ ತೊಳೆಯಬೇಕು. ಹೆಚ್ಚು ಮುತ್ತಿದ ಕುಡಿಗಳನ್ನು ಚಿವುಟಿ ನಾಶಪಡಿಸಬೇಕು. ಯೂರಿಯಾ ಅತಿಯಾದರೆ ಎಳೆಚಿಗುರು ಹೆಚ್ಚಿ ಹೇನಿಗೆ ಅನುಕೂಲವಾಗುತ್ತದೆ. ಇರುವೆಗಳು ಹೇನನ್ನು ಕಾಯುವುದರಿಂದ ಅವು ಗಿಡವೇರದಂತೆ ತಡೆಯಬೇಕು. ಇಷ್ಟಕ್ಕೂ ಕಡಿಮೆಯಾಗದಿದ್ದರೆ, ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಬಹುದು.

ಗುಲಗಂಜಿ ಹುಳು ಮತ್ತು ಅದರ ಮರಿಗಳು ಹೇನನ್ನೇ ತಿಂದು ಬದುಕುತ್ತವೆ. ಮುಳ್ಳುಮುಳ್ಳಾದ ಕಪ್ಪು ಮರಿಗಳನ್ನು ಕಂಡು ಹೆದರಿ ಕೊಲ್ಲುವುದು ಬೇಡ. 2002ರಲ್ಲಿ ಉತ್ತರ ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಂದಾಗ ಅದು ಹತೋಟಿಗೆ ಬರುವಲ್ಲಿ ಡೈಫಾ, ಮೈಕ್ರೊಮಸ್ ಎಂಬ ಪರಭಕ್ಷಕ ಕೀಟಗಳ ಪಾಲು ದೊಡ್ಡದು. ವಿಷ ಹೊಡೆದರೆ ಮೊದಲು ಸಾಯುವುದು ಇಂತಹ ಮಿತ್ರಕೀಟಗಳೇ. ಅಡುಗೆಗೆ ದಿನವೂ ಕೀಳುವ ಕರಿಬೇವಿಗಂತೂ ವಿಷ ಬೇಡವೇ ಬೇಡ.

ಒಂದು ಎಚ್ಚರಿಕೆ. ಬಾಳೆಯ ಎಲೆಗಳು ಗಿಡ್ಡವಾಗಿ ತುದಿಯಲ್ಲಿ ಗೊಂಚಲಾಗುವ ರೋಗವನ್ನೂ ಪಪ್ಪಾಯಿ ಕಾಯಿಯ ಮೇಲೆ ಉಂಗುರದ ಕಲೆ ಮೂಡಿಸುವ ರೋಗವನ್ನೂ ಹರಡುವುದು ಹೇನುಗಳೇ. ಇವು ವೈರಸ್ ರೋಗಗಳಾದುದರಿಂದ ಮದ್ದಿಲ್ಲ. ಅಂತಹ ಗಿಡವನ್ನು ಬುಡಸಮೇತ ಕಿತ್ತು ನಾಶಪಡಿಸಬೇಕು. ಆ ಬಾಳೆಯ ಕಂದನ್ನು ನೆರೆಯವರಿಗೆ ಕೊಡಬಾರದು. ಹಿತ್ತಲಿನ ಒಂದು ಗಿಡ ಹೋಗಬಹುದು, ಆದರೆ ಊರಿನ ತೋಟಗಳು ಉಳಿಯುತ್ತವೆ.